ಸೋಮವಾರದ ಪೀಪಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮುರ್ಗೋಚ್ ಮೇಷ್ಟ್ರು ತರಗತಿಗೆ ಬಂದರೆಂದರೆ ಕೋಟು ಬಿಚ್ಚುವ ಮೊದಲೇ ಡಬ್ಬಿ ಹೊರತೆಗೆಯುತ್ತಿದ್ದರು. ಕೆಮ್ಮಿನ ಗುಳಿಗೆಯ ಹಳೇ ತಗಡಿನ ಡಬ್ಬಿ. ಒಳಗೆ ಹತ್ತಿ ಹಾಸಿ, ಅದರ ಮೇಲೆ ಸಾಲಾಗಿ ಮಲಗಿಸಿದ ಪೀಪಿಗಳು. ಓಬೋ ಎಂಬ ಊದುವ ವಾದ್ಯವೆಂದರೆ ಕರಿಮರದ ಕೊಳವೆ, ಬೆರಳಿಗೆ ಬೆಳ್ಳಿಬಣ್ಣದ ಕೀಲಿಗಳು ಎಂದು ಜನ ತಿಳಿದಿರುತ್ತಾರೆ. ಅದು ಬರೀ ಮೈ. ಜೀವ ಇರುವುದು ತುದಿಗೆ ಸಿಕ್ಕಿಸುವ ಬೆರಳುದ್ದದ ಪೀಪಿಯಲ್ಲಿ: ಜೊಂಡಿನ ಎರಡು ತೆಳು ಪದರ, ಒಂದು ಪುಟ್ಟ ನಳಿಗೆ, ಬಿಗಿಯಾಗಿ ಸುತ್ತಿದ ದಾರ, ಅಷ್ಟೇ. ಕೆತ್ತನೆ ಕೂದಲೆಳೆಯಷ್ಟು ತಪ್ಪಿದರೆ ಎಂಥ ವಿದ್ವಾಂಸ ಊದಿದರೂ ಬಾತುಕೋಳಿಯ ಕತ್ತು ಹಿಸುಕಿದ ಹಾಗೆ ಕೇಳುತ್ತದೆ.

ಬೇರೆ ಊರಿನ ಸಂಗೀತ ಕಾಲೇಜುಗಳಲ್ಲಿ ಓಬೋ ಹುಡುಗರು ತಮ್ಮ ಪೀಪಿ ತಾವೇ ಕೆತ್ತಿಕೊಂಡು ಅರ್ಧ ಆಯುಸ್ಸು ಅದರಲ್ಲೇ ಕಳೆಯುತ್ತಾರೆ. ಡ್ಯಾನ್ಯೂಬ್ ದಂಡೆಯ ನಮ್ಮೂರಿನಲ್ಲಿ ಹಾಗಿರಲಿಲ್ಲ. "ಚಾಕು ನನ್ನದು, ಉಸಿರು ನಿಮ್ಮದು" ಎಂದು ಮುರ್ಗೋಚ್ ಮೊದಲ ದಿನವೇ ಹೇಳಿಬಿಡುತ್ತಿದ್ದರು. ಹಳೇ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ, ಅಂಗಡಿಯಲ್ಲಿ ಬೆಣ್ಣೆ ಕಂಡರೆ ಊರೇ ಸಾಲು ನಿಲ್ಲುತ್ತಿದ್ದಾಗ, ಫ್ರಾನ್ಸಿನ ಜೊಂಡನ್ನು ಅದು ಹೇಗೋ ತರಿಸಿಕೊಂಡು ಪೀಪಿ ಕೆತ್ತಿ ಶಿಷ್ಯರಿಗೆ ಹಂಚಿದ ಮನುಷ್ಯ ಆತ. ಪ್ರತಿ ಸೋಮವಾರ ತಲಾ ಎರಡು. ಸುತ್ತಿದ ದಾರ ಯಾವಾಗಲೂ ಕೆಂಪು ವೈನಿನ ಬಣ್ಣದ್ದು. ಅದು ಅವರ ರುಜು ಇದ್ದ ಹಾಗೆ. ದೂರದ ಊರಿನ ವಾದ್ಯಗಾರರು ಆ ದಾರ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಪೀಪಿಯ ಮೇಲೆ ದೂರು ಹೇಳುವಂತಿಲ್ಲ. ಸ್ವರ ಒಡೆದರೆ ತಪ್ಪು ತುಟಿಯದು. ಊದುವವರ ಪ್ರಪಂಚದಲ್ಲಿ "ತುಟಿ ಹೋಯಿತು" ಎನ್ನುವುದಕ್ಕಿಂತ ಕೆಟ್ಟ ಮಾತಿಲ್ಲ. ಹಾಡುವವನ ಗಂಟಲು ಕೆಟ್ಟರೆ ಕಷಾಯವಿದೆ, ಡಾಕ್ಟರಿದ್ದಾರೆ. ತುಟಿ ಹೋಯಿತೆಂದು ಗುರು ಹೇಳಿದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಪರೀಕ್ಷೆಯಿಲ್ಲ, ಅಪೀಲಿಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಸ್ನಾತಕೋತ್ತರ ಕೊನೆಯ ವರ್ಷದಲ್ಲಿದ್ದವರು ಇಬ್ಬರೇ: ಲವೀನಿಯಾ ಮತ್ತು ತಿಬೇರಿಯು. ಆ ಹೊತ್ತಿಗೆ ಕೆಳಗಿನ ತರಗತಿಗಳನ್ನು ಬೇರೆ ಮೇಷ್ಟ್ರು ನೋಡಿಕೊಳ್ಳುತ್ತಿದ್ದರು. ಲವೀನಿಯಾಳ ತಾಯಿ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಇಸ್ತಾಂಬುಲ್‌ಗೆ ಹೋಗಿ ಚರ್ಮದ ಜಾಕೆಟ್ಟುಗಳನ್ನು ಚೀಲಗಟ್ಟಲೆ ತಂದು ಸಂತೆಯಲ್ಲಿ ಮಾರುತ್ತಿದ್ದಳು. "ಆ ಕೊಳವೆ ಊದಿದ್ದು ಮುಗಿದ ಮೇಲೆ ಸ್ಟಾಲಿಗೆ ಬಾ, ಇನ್ನೆಲ್ಲಿಗೆ ಹೋಗ್ತೀಯ" ಎಂಬುದು ಆಕೆಯ ನಿತ್ಯದ ಆಶೀರ್ವಾದ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದರೆ ಸಾಕು, ಲವೀನಿಯಾ ಎದ್ದು ಕಿಟಕಿ ತೆರೆಯುತ್ತಿದ್ದಳು. ತಿಬೇರಿಯು, ಎಲ್ಲರ ಬಾಯಲ್ಲೂ ತೀಬಿ, ಆಚೆ ದಡದ ಹಳ್ಳಿಯವನು. ಅಪ್ಪ ಮೀನಿನ ಬಲೆ ಹೆಣೆಯುತ್ತಿದ್ದ. ಸ್ವಂತ ವಾದ್ಯವಿಲ್ಲದ ತೀಬಿ ಊದುತ್ತಿದ್ದದ್ದು ಕಾಲೇಜಿನ ಓಬೋ. ಓದು ಮುಗಿದ ಮೇಲೆ ಉಗ್ರಾಣಕ್ಕೆ ವಾಪಸ್ ಕೊಡಬೇಕು.

ಊರಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿ ಎರಡನೇ ಓಬೋ ನುಡಿಸುತ್ತಿದ್ದ ಮುದುಕ ಆ ಶರತ್ಕಾಲಕ್ಕೆ ನಿವೃತ್ತನಾಗುವವನಿದ್ದ. ಸೆಪ್ಟೆಂಬರಿನಲ್ಲಿ ಆಯ್ಕೆ. ಕುರ್ಚಿ ಒಂದು, ಉಮೇದುವಾರರು ಇಬ್ಬರು. ಅದು ತಪ್ಪಿದರೆ ಇನ್ನೊಂದು ಕುರ್ಚಿ ಖಾಲಿಯಾಗಲು ಇಪ್ಪತ್ತು ವರ್ಷ ಕಾಯಬೇಕು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅವರದು ಒಳ್ಳೆಯ ಸ್ನೇಹವೇ.

ಹಿಂದಿನ ಅಕ್ಟೋಬರಿನಿಂದ ಏನೋ ಹದ ತಪ್ಪಿತ್ತು. ಲವೀನಿಯಾಳ ಮೇಲಿನ ಸ್ವರಗಳು ಸೀಳುತ್ತಿದ್ದವು. ತೀಬಿಗೆ ಕೆಳಗಿನವು ಹೊರಡುತ್ತಲೇ ಇರಲಿಲ್ಲ. ಪೀಪಿ ಕೆಟ್ಟಿರಬಹುದೆಂಬ ಯೋಚನೆ ಇಬ್ಬರಿಗೂ ಬರಲಿಲ್ಲ. ಏಳು ವರ್ಷ ಒಂದೇ ಪಾಠ ಕೇಳಿದವರ ತಲೆಯೊಳಗೆ ಅಂಥ ಯೋಚನೆಗೆ ಜಾಗ ಎಲ್ಲಿ? ಇಬ್ಬರೂ ಗುಟ್ಟಾಗಿ ಕನ್ನಡಿಯ ಮುಂದೆ ನಿಂತು ತಮ್ಮ ತಮ್ಮ ತುಟಿ ನೋಡಿಕೊಂಡರು. ತೀಬಿ ದಿನಕ್ಕೆ ಆರು ಗಂಟೆಯ ಬದಲು ಒಂಬತ್ತು ಗಂಟೆ ಊದತೊಡಗಿದ. ಒಳತುಟಿ ಹಲ್ಲಿಗೆ ಸಿಕ್ಕಿ ಹರಿದು, ಜೇನುತುಪ್ಪ ಸವರಿಕೊಂಡು ಓಡಾಡುತ್ತಿದ್ದ.

ಫೆಬ್ರವರಿಯ ಒಂದು ಸೋಮವಾರ ಅವನು ಕೊನೆಯ ಪರೀಕ್ಷೆಯ ಕೃತಿಯಲ್ಲಿನ ನಿಧಾನಗತಿಯ ಭಾಗವನ್ನು ಊದುತ್ತಿದ್ದ. ಪಿಯಾನೋ ನುಡಿಸುತ್ತಿದ್ದವರು ಆಗ್ಲಾಯಾ ಮೇಡಂ; ಮೂವತ್ತು ವರ್ಷದಿಂದ ಎಲ್ಲರ ಜೊತೆಗೂ ನುಡಿಸಿ ಯಾರ ಮೇಲೂ ಗೌರವ ಉಳಿಸಿಕೊಳ್ಳದ ಹೆಂಗಸು. ಒಂಬತ್ತನೇ ಸಾಲಿನಲ್ಲಿ ತೀಬಿಯ ಸ್ವರ ಒಡೆಯಿತು. ಮತ್ತೆ ಶುರುಮಾಡಿದ, ಅದೇ ಜಾಗದಲ್ಲಿ ಮತ್ತೆ ಒಡೆಯಿತು.

"ಇನ್ನೊಂದ್ಸಲ ಊದ್ತೀನಿ ಮೇಷ್ಟ್ರೇ."

"ಬೇಡಪ್ಪ." ಮುರ್ಗೋಚ್ ಕಿಟಕಿಯ ಕಡೆ ಮುಖ ಮಾಡಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. "ನಲವತ್ತು ವರ್ಷದಿಂದ ತುಟಿಗಳನ್ನೇ ನೋಡ್ತಾ ಬಂದಿದೀನಿ. ನಿಂದು ಹೋಗ್ತಾ ಇದೆ. ಸುಳ್ಳು ಹೇಳಿ ನಿಂಗೆ ಯಾಕೆ ಆಸೆ ತೋರಿಸಲಿ?"

ಆಗ್ಲಾಯಾ ಮೇಡಂ ಪಿಯಾನೋದ ಮುಚ್ಚಳ ಹಾಕಿ ಸಿಗರೇಟು ಹುಡುಕಿದರು. ತೀಬಿ ಪೀಪಿ ತೆಗೆದು, ಒರೆಸಿ, ಬಹಳ ಜೋಪಾನವಾಗಿ ತನ್ನ ಡಬ್ಬಿಯಲ್ಲಿಟ್ಟ. ಅದರ ಮೇಲೆ ಅವನಿಗೆ ಕಿಂಚಿತ್ತೂ ಸಿಟ್ಟಿರಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ ಲವೀನಿಯಾ ಅವನಿಗೆ ಎಳ್ಳು, ಉಪ್ಪು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಮುರಿದುಕೊಟ್ಟಳು. ಅವನು ಉಪ್ಪಿನ ಹರಳುಗಳನ್ನು ಉಗುರಿನಿಂದ ಕೆರೆದು ತೆಗೆದು, ತುಟಿಗೆ ತಾಗದ ಹಾಗೆ ಬಾಯಿಯ ಮೂಲೆಯಲ್ಲಿ ಅಗಿದ.

"ಹುಡುಗೀರಿಗೆ ಮುತ್ತು ಕೊಟ್ಟು ಸವೆದಿದ್ರೆ ಒಂದು ಮರ್ಯಾದೆನಾದ್ರೂ ಇರ್ತಿತ್ತು ಕಣೇ," ಎಂದ. "ಊರಲ್ಲಿ ಏನಂತ ಹೇಳ್ಲಿ? ಕಟ್ಟಿಗೆ ಚುಂಬಿಸಿ ಹೋಯ್ತು ಅಂತಲಾ?"

"ಬಾಯ್ಮುಚ್ಚಿಕೊಂಡು ತಿನ್ನೋ."

"ಬಾಯಿ ಮುಚ್ಚಿದ್ರೆ ನೋಯುತ್ತೆ."

ಲವೀನಿಯಾ ನಕ್ಕಳು. ಒಳಗೆ ಮಾತ್ರ ಅವಳಿಗೆ ಭಯವಾಗಿತ್ತು. ಇವತ್ತು ಅವನಿಗೆ ಹೇಳಿದ್ದನ್ನು ಮುಂದಿನ ಸೋಮವಾರ ತನಗೂ ಹೇಳುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು.

ಆ ಗುರುವಾರ ಮಧ್ಯಾಹ್ನ ಕೆಲವು ಸ್ವರಪುಸ್ತಕ ಹಿಂದಿರುಗಿಸಲು ಅವಳು ಮೇಷ್ಟ್ರ ಮನೆಗೆ ಹೋದಳು. ಬಂದರಿನ ಹತ್ತಿರದ ಬಹುಮಹಡಿ ಕಟ್ಟಡದಲ್ಲಿ ನಾಲ್ಕನೇ ಅಂತಸ್ತು. ಬಾಗಿಲು ತಟ್ಟಿದಾಗ ಪಕ್ಕದ ಮನೆಯಾಕೆ ಸೂಪು ತಂದಳೆಂದುಕೊಂಡು ಅವರು ಒಳಗಿಂದಲೇ "ತೆಗೆದೇ ಇದೆ" ಎಂದು ಕೂಗಿದರು. ಲವೀನಿಯಾ ಒಳಗೆ ಹೋದಳು. ಮೇಷ್ಟ್ರು ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಬಲಗೈಯಲ್ಲಿ ಚಾಕು. ಆ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಅದುಮಿ ಹಿಡಿದಿದ್ದರು, ಆದರೂ ಚಾಕುವಿನ ತುದಿ ಗಡಗಡ ನಡುಗುತ್ತಿತ್ತು. ಪೀಪಿಯನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದರು. ಮೇಜಿನ ಮೇಲಿನ ಬೂದಿಬಟ್ಟಲ ತುಂಬ ತುದಿ ಮುರಿದ ಜೊಂಡು.

ಮೊದಲು ಅವಳಿಗಾದದ್ದು ಸಂತೋಷ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ತುಟಿ ಹೋಗಿಲ್ಲ! ತೀಬಿಯದೂ ಹೋಗಿಲ್ಲ, ಅವನಿಗೆ ಈಗಲೇ ಹೇಳಬೇಕು, ಟ್ರಾಮಿಗೂ ಕಾಯದೆ ಓಡಬೇಕು. ಆ ಕ್ಷಣದಲ್ಲಿ ಅವಳು ನಿಜವಾಗಿಯೂ ಹಾಗೆಯೇ ಅಂದುಕೊಂಡಳು.

ಮುರ್ಗೋಚ್ ಚಾಕು ಕೆಳಗಿಟ್ಟರು. "ಕೂತ್ಕೋ," ಎಂದರು. "ಎರಡು ವರ್ಷ ಆಯ್ತು ಶುರುವಾಗಿ. ಈ ಚಳಿಗಾಲದಲ್ಲಿ ಪೂರ್ತಿ ಕೈಕೊಡ್ತು."

"ಡಾಕ್ಟರು ಏನಂದ್ರು ಮೇಷ್ಟ್ರೇ?"

"ವಯಸ್ಸಾಯ್ತು ಅಂದ. ಅದಕ್ಕೆ ಅವನು ಡಾಕ್ಟರ್ ಓದಬೇಕಿತ್ತಾ?" ಮೊಣಕಾಲ ನಡುವಿನ ಪೀಪಿಯನ್ನು ತೆಗೆದು ಬೂದಿಬಟ್ಟಲಿಗೆ ಹಾಕಿದರು. "ಈ ವಿಷಯ ಹೊರಗೆ ಬಿದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ಮನೆಯಲ್ಲಿ ಏನು ಮಾಡಲಮ್ಮ? ಪಾರಿವಾಳಕ್ಕೆ ಕಾಳು ಹಾಕಲಾ?"

"ತೀಬಿಗೆ ಸೋಮವಾರ ನೀವು..."

"ಗೊತ್ತು, ಏನಂದೆ ಅಂತ ನಂಗೆ ಗೊತ್ತು." ಅವರು ಅವಳ ಕಡೆ ನೋಡಲಿಲ್ಲ. "ನಿಂಗೆ ಕೆತ್ತೋದು ಕಲಿಸ್ತೀನಿ. ಯಾರಿಗೂ ಕಲಿಸಿಲ್ಲ. ನೀನು ಮಾಡು, ನಾನು ನೋಡಿ ಹೇಳ್ತೀನಿ. ಸೋಮವಾರ ಎಂದಿನಂತೆ ಡಬ್ಬಿಯಿಂದ ಕೊಡೋದು ನಾನೇ. ನಿಂಗೂ ಒಳ್ಳೇದು, ಅವನಿಗೂ ಒಳ್ಳೇದು."

"ತೀಬಿಗೂ ಹೇಳೋಣ. ಇಬ್ಬರೂ ಸೇರಿ ಕೆತ್ತಿದ್ರೆ..."

"ಅವನ ಬಾಯಲ್ಲಿ ಮಾತು ನಿಲ್ಲಲ್ಲ. ಸಂಜೆಯೊಳಗೆ ಬಂದರಿನ ಹಮಾಲಿಗಳಿಗೂ ಗೊತ್ತಾಗಿರುತ್ತೆ." ಮೇಷ್ಟ್ರು ಚಾಕುವಿನ ಹಿಡಿಯನ್ನು ಅವಳ ಕಡೆ ತಿರುಗಿಸಿದರು. "ಮತ್ತೆ, ಕುರ್ಚಿ ಒಂದೇ ಇರೋದು. ಅದು ನಿಂಗೂ ಗೊತ್ತಿದೆ."

ಲವೀನಿಯಾ ಚಾಕು ತೆಗೆದುಕೊಂಡಳು. ಟ್ರಾಮಿಗೆ ಕಾಯದೆ ಓಡಬೇಕೆಂದದ್ದು ಎತ್ತ ಹೋಯಿತೋ.

ಪ್ರತಿ ಗುರುವಾರ, ಪ್ರತಿ ಭಾನುವಾರ ಮಧ್ಯಾಹ್ನ ಅವಳು ಆ ಮೇಜಿಗೆ ಹೋಗತೊಡಗಿದಳು. ಜೊಂಡನ್ನು ನೀರಿನಲ್ಲಿ ನೆನೆಸುವುದು, ಮಡಚುವುದು, ನಳಿಗೆಗೆ ಇಟ್ಟು ಕೆಂಪು ದಾರ ಬಿಗಿಯುವುದು, ತುದಿ ಕತ್ತರಿಸುವುದು. ಆಮೇಲೆ ಕೆತ್ತನೆ. ತುದಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಬೇಕು, ನಡುವೆ ಆಧಾರಕ್ಕೆ ದಪ್ಪನೆಯ ಬೆನ್ನು ಉಳಿಯಬೇಕು. ಪೀಪಿಯನ್ನಷ್ಟೇ ಬಾಯಲ್ಲಿಟ್ಟು ಊದಿದರೆ ಕಾಗೆ ಕೂಗಿದ ಹಾಗೆ ಕೇಳಬೇಕು. ಕೂಗು ತುಂಬಿದ್ದರೆ ಬದುಕಿತು, ಕೀರಲಾದರೆ ಸತ್ತಿತು. ಮುರ್ಗೋಚ್ ಅದನ್ನು ಬೆಳಕಿಗೆ ಹಿಡಿಯಲು ಹೇಳಿ, ಮುಟ್ಟದೆ, "ಎಡಗಡೆ ಎರಡು ಗೀರು, ಸಾಕು, ಸಾಕು ಅಂದ್ನಲ್ಲ" ಎನ್ನುತ್ತ ಕಲಿಸಿದರು. ಕಲಿಸುವಾಗ ಅವರಂಥ ಮನುಷ್ಯ ಇನ್ನೊಬ್ಬನಿರಲಿಲ್ಲ. ಇದನ್ನೂ ಹೇಳಲೇಬೇಕು.

ಮಾರ್ಚಿನಲ್ಲಿ ಹತ್ತು ಕೆತ್ತಿದರೆ ಎಂಟು ಕಸದ ಬುಟ್ಟಿಗೆ. ಒಂದು ಪರವಾಗಿಲ್ಲ ಅನ್ನುವಂಥದ್ದು, ಇನ್ನೊಂದು ಹಾಗೂ ಹೀಗೂ. ಪರವಾಗಿಲ್ಲದ್ದನ್ನು ಅವಳು ಇಟ್ಟುಕೊಂಡಳು. ಹಾಗೂ ಹೀಗೂ ಆದದ್ದು ಮೇಷ್ಟ್ರ ಡಬ್ಬಿಯ ಮೂಲಕ ತೀಬಿಗೆ ಹೋಯಿತು. ಕಲಿಯುವವಳು ನಾನು, ಮೊದಲ ಫಲ ನನ್ನದು, ಇದರಲ್ಲಿ ಅನ್ಯಾಯವೇನು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕೈ ಪಳಗಿದ ಮೇಲೆ ಇಬ್ಬರಿಗೂ ಸಮನಾಗಿ ಕೊಟ್ಟರಾಯಿತು. ಮನುಷ್ಯರು ತಮಗೆ ತಾವೇ ಹೇಳಿಕೊಳ್ಳುವ ಮಾತುಗಳಿಗೆ ಸಾಕ್ಷಿ ಬೇಕಿಲ್ಲವಲ್ಲ. ತೀಬಿ ಮಾತ್ರ ಪ್ರತಿ ಸೋಮವಾರ ಮೇಷ್ಟ್ರ ಕೈಯಿಂದ ಎರಡು ಕೈಯಲ್ಲೂ ಪೀಪಿ ತೆಗೆದುಕೊಂಡು, ವಾರವೆಲ್ಲ ಅದರ ಜೊತೆ ಗುದ್ದಾಡಿ, ಇನ್ನಷ್ಟು ತುಟಿ ಹರಿದುಕೊಳ್ಳುತ್ತಿದ್ದ.

ಏಪ್ರಿಲ್ ಹೊತ್ತಿಗೆ ಕೈ ಪಳಗಿತು. ಹತ್ತರಲ್ಲಿ ಆರು ಕಾಗೆಗಳು ಸರಿಯಾಗಿ ಕೂಗಿದವು. ಈಸ್ಟರ್ ಹಬ್ಬ ಮುಗಿಸಿ ಊರಿಂದ ಬಂದ ತೀಬಿ ಲವೀನಿಯಾಳಿಗೆಂದು ಅಮ್ಮ ಮಾಡಿದ ಆಕ್ರೋಟಿನ ಸಿಹಿರೊಟ್ಟಿ, ಕೆಂಪು ಬಣ್ಣ ಬಳಿದ ನಾಲ್ಕು ಮೊಟ್ಟೆ ತಂದಿದ್ದ. "ನಿನ್ನ ಹೆಸರು ಕೇಳಿ ಕೇಳಿ ನಮ್ಮಮ್ಮ ಮದುವೆ ದಿನ ಗೊತ್ತು ಮಾಡೋಕೆ ಹೊರಟಿದ್ಲು. ಅವಳು ನನ್ನ ಕುರ್ಚಿ ಕದಿಯೋಕೆ ಬಂದಿರೋಳು ಕಣಮ್ಮ ಅಂದೆ," ಎಂದು ನಕ್ಕ. ಕುರ್ಚಿಯ ಮಾತು ಅವರ ನಡುವೆ ಬಂದದ್ದು ಅದೇ ಮೊದಲು. ಆ ವಾರ ಲವೀನಿಯಾ ತನ್ನ ಎರಡು ಅತ್ಯುತ್ತಮ ಪೀಪಿಗಳನ್ನು ತೀಬಿಯ ಪಾಲಿಗಿಟ್ಟಳು.

ಸೋಮವಾರ ತೀಬಿ ಊದಿದ.

ಅದನ್ನು ಹೇಗೆ ಹೇಳುವುದು? ಏಳು ವರ್ಷ ಪಕ್ಕದಲ್ಲೇ ಕೂತು ಕೇಳಿದವಳಿಗೂ ಇವನು ಇಂಥವನೆಂದು ಗೊತ್ತಿರಲಿಲ್ಲ. ಒಂಬತ್ತನೇ ಸಾಲು ಬಂತು, ದಾಟಿತು. ಹರಿದ ತುಟಿಯಿಂದ, ತಿಂಗಳುಗಟ್ಟಲೆ ಕೆಟ್ಟ ಪೀಪಿಯೊಡನೆ ಗುದ್ದಾಡಿ ಗಟ್ಟಿಯಾದ ಆ ಉಸಿರಿನಿಂದ ಸ್ವರ ಯಾವ ಶ್ರಮವೂ ಇಲ್ಲದೆ ಏಳುತ್ತಿತ್ತು. ಆಗ್ಲಾಯಾ ಮೇಡಂ ಒಂದು ಕಡೆ ಪಿಯಾನೋ ನುಡಿಸುವುದನ್ನೇ ಬಿಟ್ಟರು.

"ಈ ಹಬ್ಬದಲ್ಲಿ ಅದೇನು ತಿಂದು ಬಂದ್ಯೋ?" ಎಂದು ಮುಗಿದ ಮೇಲೆ ಆಗ್ಲಾಯಾ ಮೇಡಂ ಕೇಳಿದರು. "ನಂಗೂ ಸ್ವಲ್ಪ ತರೋದಲ್ವಾ?"

ತೀಬಿ ಲವೀನಿಯಾಳ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು. "ತುಟಿ ವಾಪಸ್ ಬಂತು ಕಣೇ," ಎಂದ. "ಹೋಗಿರ್ಲಿಲ್ಲ ಅದು."

ಅವಳು ಅವನನ್ನು ಅಪ್ಪಿಕೊಂಡಳು. ಅವನ ಸ್ವೆಟರಿನ ಹೆಗಲ ಮೇಲೆ ಗಲ್ಲ ಊರಿ ನಿಂತಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿಯಿತು: ಸೆಪ್ಟೆಂಬರಿನಲ್ಲಿ ಇವನು ಹೀಗೆ ಊದಿದರೆ ತನ್ನನ್ನು ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಅವಳು ಚೆನ್ನಾಗಿ ಊದುತ್ತಿದ್ದಳು, ಯಾರು ಬೇಕಾದರೂ ಮೆಚ್ಚುವಷ್ಟು ಚೆನ್ನಾಗಿ. ಅವನದು ಮೆಚ್ಚುಗೆಯನ್ನೂ ಮೀರಿದ್ದು. ಹೊಟ್ಟೆಕಿಚ್ಚು ಎಂದರೆ ಕಡಿಮೆಯಾಯಿತು. ಅವಳಿಗೆ ಚರ್ಮದ ಜಾಕೆಟ್ಟುಗಳ ವಾಸನೆ ಮೂಗಿಗೆ ಬಂದಿತ್ತು.

ಒಂದು ಪೀಪಿಯ ಆಯುಸ್ಸು ಹೆಚ್ಚೆಂದರೆ ಎರಡು ವಾರ. ತೀಬಿಯ ಸುಖವೂ ಎರಡು ವಾರ ಇತ್ತು.

ಆಮೇಲಿನ ಭಾನುವಾರ ಲವೀನಿಯಾ ಮೇಜಿನ ಮುಂದೆ ಕೂತು ಎಂದಿನಂತೆ ಎರಡು ಪೀಪಿ ಮುಗಿಸಿದಳು, ಎರಡೂ ಚೆನ್ನಾಗಿದ್ದವು. ಅವನ್ನು ತನ್ನ ಡಬ್ಬಿಗೆ ಹಾಕಿಕೊಂಡಳು. ಮೂರನೆಯದನ್ನು ಕೆತ್ತುವಾಗ ನಡುಬೆನ್ನಿನಿಂದ ಮೂರು ಗೀರು ಹೆಚ್ಚಿಗೆ ತೆಗೆದಳು. ಕೈ ಜಾರಿದ್ದಲ್ಲ. ಬೆನ್ನು ಸಣ್ಣಗಾದ ಪೀಪಿ ಮೊದಲಿಗೆ ಬಹಳ ಚೆಂದ ಮಾತಾಡುತ್ತದೆ, ಊದುವವನಿಗೆ ಸಲೀಸು ಎನಿಸುತ್ತದೆ. ಹತ್ತು ನಿಮಿಷ ಬಾಯಲ್ಲಿದ್ದು ನೆನೆದರೆ ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟು ಗಾಳಿ ತುಂಬಿದರೂ ತುಟಿ ಸೋಲುತ್ತದೆ. ಸೋತದ್ದು ತುಟಿ ಎಂದೇ ಊದುವವನಿಗೂ ಅನಿಸುತ್ತದೆ.

ಮುರ್ಗೋಚ್ ಆ ಪೀಪಿ ಕೊಡು ಎಂದು ಕೈ ಚಾಚಿದರು. ನಡುಗುವ ಬೆರಳುಗಳಿಂದ ಕಿಟಕಿಯ ಬೆಳಕಿಗೆ ಹಿಡಿದರು. ನಲವತ್ತು ವರ್ಷ ಇದನ್ನೇ ನೋಡಿದ ಕಣ್ಣು. ಅವಕ್ಕೆ ಕಾಣದೇ ಇರುವುದು ಸಾಧ್ಯವಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೈಯಲಿ, ಮುರಿದು ಬೂದಿಬಟ್ಟಲಿಗೆ ಎಸೆಯಲಿ ಎಂದು ಲವೀನಿಯಾಳ ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಮಳೆ ಬರೋ ಹಾಗಿದೆ," ಎಂದು ಮೇಷ್ಟ್ರು ಪೀಪಿಯನ್ನು ತಗಡಿನ ಡಬ್ಬಿಯಲ್ಲಿಟ್ಟರು.

ಅವರ ಮರ್ಯಾದೆ ಅವಳ ಬಾಯಲ್ಲಿತ್ತು, ಅವಳ ಕುರ್ಚಿ ಅವರ ಡಬ್ಬಿಯಲ್ಲಿತ್ತು. ಮೇ ತಿಂಗಳು ಪೂರ್ತಿ, ತೀಬಿಯ ಪಾಲಿನ ಎರಡೂ ಪೀಪಿಗೆ, ಹೀಗೇ ನಡೆಯಿತು.

ಜೂನಿನಲ್ಲಿ ಲಿಂಡನ್ ಮರಗಳು ಹೂಬಿಟ್ಟು ಊರೆಲ್ಲ ಘಮಘಮ ಎನ್ನುತ್ತಿದ್ದಾಗ ಕೊನೆಯ ಪರೀಕ್ಷೆ ಬಂತು. ಸಾರ್ವಜನಿಕರೂ ಕೂತು ಕೇಳುವ ಕಛೇರಿ. ಮೊದಲ ಸಾಲಿನಲ್ಲಿ ಐವರು ಪರೀಕ್ಷಕರು, ನಡುವೆ ಮುರ್ಗೋಚ್. ತೀಬಿಯ ಅಪ್ಪ ಅಮ್ಮ ಆಚೆ ದಡದಿಂದ ಬಂದಿದ್ದರು. ಅಪ್ಪ ಮದುವೆಯ ಕೋಟು ತೊಟ್ಟು, ಹೆಣೆದು ಹೆಣೆದು ಸೀಳಿದ ಬೆರಳುಗಳನ್ನು ತೊಡೆಯ ಮೇಲೆ ಮಡಿಚಿಟ್ಟುಕೊಂಡು ಕೂತಿದ್ದ. ತೀಬಿಗೆ ಇಪ್ಪತ್ತೈದು ನಿಮಿಷ ಊದುವುದಿತ್ತು.

ಲವೀನಿಯಾ ಪಕ್ಕದ ಬಾಗಿಲ ಬಳಿ ನಿಂತಿದ್ದಳು. ಮೊದಲ ಹತ್ತು ನಿಮಿಷ ಅವನು ಚೆನ್ನಾಗಿಯೇ ಊದಿದ. ಪರೀಕ್ಷಕರಲ್ಲೊಬ್ಬ ಪೆನ್ನು ಕೆಳಗಿಟ್ಟು ಹಿಂದಕ್ಕೆ ಒರಗಿದ. ಹನ್ನೊಂದನೇ ನಿಮಿಷದಲ್ಲಿ ಸ್ವರ ಕಿರಿದಾಗತೊಡಗಿದ್ದು ಅವಳೊಬ್ಬಳಿಗೆ ಕೇಳಿಸಿತು. ಆಮೇಲೆ ಆಗ್ಲಾಯಾ ಮೇಡಂಗೆ ಕೇಳಿಸಿರಬೇಕು, ಪಿಯಾನೋವನ್ನು ಬಹಳ ಮೆತ್ತಗೆ ಮಾಡಿದರು. ಆಮೇಲೆ ಎಲ್ಲರಿಗೂ ಕೇಳಿಸಿತು. ತೀಬಿಯ ಕತ್ತಿನ ನರಗಳು ಹಗ್ಗದ ಹಾಗೆ ಉಬ್ಬಿದವು. ನಿಧಾನಗತಿಯ ಭಾಗದ ಒಂಬತ್ತನೇ ಸಾಲಿನಲ್ಲಿ ಸ್ವರ ಒಡೆಯಿತು. ನಿಲ್ಲಿಸಿ, ತುಟಿ ನೆಕ್ಕಿಕೊಂಡು ಮತ್ತೆ ಹಿಡಿದ. ಮತ್ತೆ ಒಡೆಯಿತು. ಒಂದೇ ಒಂದು ಸಲವೂ ಅವನು ಪೀಪಿಯ ಕಡೆ ನೋಡಲಿಲ್ಲ. ಆ ಭಾಗದಲ್ಲಿ ಇನ್ನೂ ಮೂರು ಸಾಲು ಬಾಕಿ ಇರುವಾಗ ಓಬೋ ಕೆಳಗಿಳಿಸಿ, ಪರೀಕ್ಷಕರಿಗೆ ತಲೆಬಾಗಿ, ಹೊರಟುಬಿಟ್ಟ. ಅವನ ಅಪ್ಪ ಇದು ಹೀಗೇ ಮುಗಿಯುವುದೇನೋ ಎಂದುಕೊಂಡು ಒಬ್ಬನೇ ಚಪ್ಪಾಳೆ ತಟ್ಟಿದ.

ಮರುದಿನ ಲವೀನಿಯಾ ಊದಿದಳು. ಹತ್ತಕ್ಕೆ ಹತ್ತು ಅಂಕ ಬಂತು. ಮುರ್ಗೋಚ್ ಎಲ್ಲರೆದುರು ಅವಳ ಹಣೆಗೆ ಮುತ್ತಿಟ್ಟರು, ಅವರ ಕೈ ಅವಳ ಹೆಗಲ ಮೇಲೆ ನಡುಗುತ್ತಿತ್ತು. ತೀಬಿಗೆ ಕರುಣೆಯಿಂದ ಏಳು ಕೊಟ್ಟಿದ್ದರು. ಹೊರಗೆ ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದ ಆಗ್ಲಾಯಾ ಮೇಡಂ ಅವಳನ್ನು ಕಂಡು, "ಚೆನ್ನಾಗಿತ್ತಮ್ಮ," ಎಂದರು. "ಹಬ್ಬದ ಮಾರನೇ ವಾರ ಆ ಹುಡುಗನಿಗೆ ಏನಾಗಿತ್ತೋ ಅದು ಮಾತ್ರ ನಂಗೆ ಅರ್ಥವಾಗ್ತಿಲ್ಲ." ಲವೀನಿಯಾ ಮೆಟ್ಟಿಲಿಳಿದಳು.

ಶುಕ್ರವಾರ ಅವಳು ಸರ್ಟಿಫಿಕೇಟಿನ ಅರ್ಜಿ ಕೊಡಲು ಕಾಲೇಜಿಗೆ ಹೋದಾಗ ಕೆಳಗಿನ ಕಾರಿಡಾರಿನಲ್ಲಿ ತೀಬಿ ನಿಂತಿದ್ದ. ಅವನ ಹಿಂದೆ ವಾದ್ಯಗಳ ಉಗ್ರಾಣದ ಕಿಟಕಿ. ಓಬೋದ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದ. ತುಟಿಯ ಮೂಲೆಯಲ್ಲಿ ಗಾಯ ಒಣಗಿ ಕಪ್ಪಾಗಿತ್ತು.

"ನಿಂಗೋಸ್ಕರನೇ ಕಾಯ್ತಿದ್ದೆ," ಎಂದ. "ಹತ್ತು ಬಂತಂತೆ. ನಿಮ್ಮಮ್ಮನಿಗೆ ಹೇಳು, ಸ್ಟಾಲಿಗೆ ಬೇರೆ ಹುಡುಗಿ ನೋಡ್ಕೊಳ್ಳಲಿ."

"ನೀನೇನ್ ಮಾಡ್ತೀಯ?"

"ಅದನ್ನೇ ಕೇಳೋಣ ಅಂತ ಬಂದೆ." ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಗಲಾತ್ಸ್ ಊರಿನ ಹಡಗುಕಟ್ಟೆಯಲ್ಲಿ ನಮ್ಮ ಮಾವ ನಂಗೊಂದು ವೆಲ್ಡಿಂಗ್ ಕೆಲಸ ನೋಡಿದಾನೆ. ಸೋಮವಾರದಿಂದ ಬಾ ಅಂತಾನೆ. ಇಲ್ಲಾಂದ್ರೆ, ಉಗ್ರಾಣದವನು ಒಂದು ಅರ್ಜಿ ಬರೆದುಕೊಟ್ರೆ ಸೆಪ್ಟೆಂಬರ್‌ವರೆಗೂ ಇದನ್ನ ಇಟ್ಕೋ ಅಂದ. ಆಯ್ಕೆಗೆ ಬರಬಹುದು. ಬೇಸಿಗೆ ಪೂರ್ತಿ ಊದ್ತೀನಿ. ಸಾಯೋವರೆಗೂ ಊದ್ತೀನಿ ಬೇಕಾದ್ರೆ."

ಮೇಲಿನ ಅಂತಸ್ತಿನಲ್ಲಿ ಯಾರೋ ತುತ್ತೂರಿಯಲ್ಲಿ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಅಭ್ಯಾಸ ಮಾಡುತ್ತಿದ್ದರು.

"ಮೇಷ್ಟ್ರನ್ನ ಕೇಳಿದ್ರೆ ಏನಂತಾರೆ ಅಂತ ಗೊತ್ತು. ಆಗ್ಲಾಯಾ ಮೇಡಂ ತಮಾಷೆ ಮಾಡ್ತಾರೆ. ಅಪ್ಪ ಅಮ್ಮಂಗೆ ಏನೂ ತಿಳಿಯಲ್ಲ. ನೀನು ಏಳು ವರ್ಷ ನನ್ನ ಪಕ್ಕದಲ್ಲಿ ಕೂತಿದೀಯ. ನನ್ನ ಬಾಯಿ ನನಗಿಂತ ನಿಂಗೆ ಚೆನ್ನಾಗಿ ಗೊತ್ತು. ಮುಲಾಜು ಬೇಡ, ನಂಗೆ ಬೇಜಾರಾಗುತ್ತೆ ಅಂತಾನೂ ನೋಡ್ಬೇಡ." ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. "ನನ್ನ ತುಟಿ ಹೋಗಿದೆಯಾ?"

ಇಲ್ಲ ಎಂಬುದು ಎರಡಕ್ಷರ. ಅದು ಅವಳ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಏನಾಯಿತು ಎಂಬುದು. ಅದಕ್ಕೊಂದು ಸುಳ್ಳು ಹೊಸೆಯಬಹುದಿತ್ತು; ಮುರ್ಗೋ‍ಚರನ್ನೂ ತನ್ನನ್ನೂ ಕಾಪಾಡಿಕೊಂಡು, ಸುಸ್ತಾಗಿದೀಯ, ವಿಶ್ರಾಂತಿ ತಗೋ ಎನ್ನಬಹುದಿತ್ತು. ಆದ್ದರಿಂದ ಭಯಕ್ಕೇ ಬಾಯಿ ಕಟ್ಟಿತೆಂದು ಅವಳು ಮುಂದೆ ಯಾವತ್ತೂ ಹೇಳಿಕೊಳ್ಳುವಂತಿರಲಿಲ್ಲ. ಅವಳು ಲೆಕ್ಕ ಹಾಕಿದಳು. ಸೆಪ್ಟೆಂಬರಿನಲ್ಲಿ ಯಾವುದೋ ಊರಿನ ಯಾವನೋ ಪುಣ್ಯಾತ್ಮ ಇವನ ಕೈಗೆ ಒಂದು ಒಳ್ಳೆಯ ಪೀಪಿ ಕೊಟ್ಟರೆ ಸಾಕು, ಕುರ್ಚಿ ಇವನದೇ.

"ಹೌದು ಕಣೋ," ಎಂದಳು. "ಹೋಗಿದೆ."

ತೀಬಿ ತಲೆಯಾಡಿಸಿದ. ಆಮೇಲೆ ಅವನ ಮುಖ ಸಡಿಲವಾಯಿತು, ಬಹಳ ದಿನದ ನೋವಿಗೆ ಡಾಕ್ಟರು ಕೊನೆಗೂ ಒಂದು ಹೆಸರು ಹೇಳಿದ ಹಾಗೆ.

"ಒಳ್ಳೇದಾಯ್ತು," ಎಂದ. "ಬೇರೆಯವರು ಹೇಳಿದ್ರೆ ನಾನು ನಂಬ್ತಾನೇ ಇರ್ಲಿಲ್ಲ."

ಅವನು ಕಿಟಕಿಯ ಕಡೆ ತಿರುಗಿ ಪೆಟ್ಟಿಗೆಯನ್ನು ಒಳಗೆ ತಳ್ಳಿದ. ಉಗ್ರಾಣದವನು ಕನ್ನಡಕ ಏರಿಸಿಕೊಂಡು ಓಬೋದ ಮೂರು ತುಂಡುಗಳನ್ನೂ ಹೊರತೆಗೆದು, ಒಂದೊಂದೇ ಕೀಲಿ ಒತ್ತಿ ನೋಡಿ, ಎಲ್ಲ ಸರಿಯಿದೆ, ಇಲ್ಲಿ ರುಜು ಹಾಕು ಎಂದ. ತೀಬಿ ರುಜು ಹಾಕಿದ.